ಮಹಾವೀರಾಚಾರ್ಯರ ಗಣಿತವೂ ಪ್ರೌಢಶಾಲೆಯ ಸಂಖ್ಯಾಪಾಠವೂ

ಸಾಹಿತ್ಯ, ಶಿಲ್ಪ, ವೈದ್ಯ, ವ್ಯಾಕರಣಗಳಲ್ಲಿ ಜೈನಾಚಾರ್ಯರು ಕನ್ನಡನಾಡಿಗೆ ಸಲ್ಲಿಸಿದ ಸೇವೆಯನ್ನು ಇಂತಹ ಸಂಚಿಕೆಗಳಲ್ಲಿ ಮತ್ತೆ ಮತ್ತೆ ಸ್ಮರಿಸುವುದು ವಾಡಿಕೆಯಾಗಿದೆ; ಅದು ಯೋಗ್ಯವೂ ಆಗಿದೆ. ಆದರೆ ಗಣಿತದ ಸರದಿ ಬಂದಾಗ, ‘ರಾಷ್ಟ್ರಕೂಟರ ಕಾಲದಲ್ಲಿ ಮಹಾವೀರಾಚಾರ್ಯರೆಂಬ ಶ್ರೇಷ್ಠ ಗಣಿತಜ್ಞರು ಆಗಿಹೋದರು’ ಎಂಬ ಒಂದು ವಾಕ್ಯದೊಡನೆ ಲೇಖನಿ ನಿಂತುಬಿಡುತ್ತದೆ. ಅವರು ಹೇಳಿದ್ದೇನು, ಅದರಲ್ಲಿ ಇಂದಿಗೂ ನಿಲ್ಲುವುದೆಷ್ಟು, ತಿದ್ದಿಕೊಳ್ಳಬೇಕಾದುದೆಷ್ಟು ಎಂಬ ವಿಚಾರಕ್ಕೆ ಯಾರೂ ಇಳಿಯುವುದಿಲ್ಲ. ಬಳ್ಳಾರಿ ತಾಲ್ಲೂಕಿನ ರೂಪನಗುಡಿಯಂತಹ ಊರಿನ ಹುಡುಗನೋ ಹುಡುಗಿಯೋ ಪ್ರೌಢಶಾಲೆಯಲ್ಲಿ ‘ವಾಸ್ತವ ಸಂಖ್ಯೆಗಳು’ ಎಂಬ ಪಾಠವನ್ನು ತೆರೆದಾಗ ಕಣ್ಣಿಗೆ ಬೀಳುವ ಋಣ, ವರ್ಗ, ವರ್ಗಮೂಲ, ಘನ, ಕರಣಿ ಎಂಬ ಪದಗಳು ಪ್ರಾಚೀನ ಗಣಿತಾಚಾರ್ಯರು ಬಳಸಿದ ಪದಗಳೇ ಆಗಿವೆ. ಪದ ಉಳಿದಿದೆ, ಆ ಪದ ಏಕೆ ಹುಟ್ಟಿತೆಂಬ ತಿಳಿವಳಿಕೆ ಮಾತ್ರ ಮಗುವಿಗೆ ತಲಪುತ್ತಿಲ್ಲ. ಪಾಠವು ಕಠಿಣವೆನಿಸುವುದಕ್ಕೆ ಇದೂ ಒಂದು ಮುಖ್ಯ ಕಾರಣ.

ಈ ಸೀಮೆಯಲ್ಲಿ ಮಕ್ಕಳಿಗೆ ಲೆಕ್ಕವನ್ನು ಹೇಗೆ ಕಲಿಸುತ್ತಿದ್ದರೆಂಬುದಕ್ಕೆ ಒಂದು ಅಮೂಲ್ಯ ದಾಖಲೆಯಿದೆ. ಮದರಾಸಿನ ಗವರ್ನರ್ ಸರ್ ಥಾಮಸ್ ಮನ್ರೋ 1822ರಲ್ಲಿ ಪ್ರಾಂತದ ಶಾಲೆಗಳ ವಿವರವನ್ನು ಕಲೆಕ್ಟರುಗಳಿಂದ ಕೇಳಿದನು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್ 17ರಂದು ಕಳುಹಿಸಿದ ಉತ್ತರ ಅವುಗಳಲ್ಲೆಲ್ಲ ಹೆಚ್ಚು ಪ್ರಸಿದ್ಧವಾಗಿದೆ. ಆಗ ಅನಂತಪುರವನ್ನೂ ಒಳಗೊಂಡಿದ್ದ ಬಳ್ಳಾರಿ ಜಿಲ್ಲೆಯಲ್ಲಿ 533 ಶಾಲೆಗಳಿದ್ದವು. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226. ಒಂಬತ್ತು ಲಕ್ಷ ಇಪ್ಪತ್ತೇಳು ಸಾವಿರ ಜನಸಂಖ್ಯೆಗೆ ಓದುವ ಮಕ್ಕಳು ಕೇವಲ 6,641, ಎಂದರೆ ಸಾವಿರಕ್ಕೆ ಏಳು. ಅವರಲ್ಲಿ ಹೆಣ್ಣುಮಕ್ಕಳು 60 ಮಂದಿ.

ಕ್ಯಾಂಪ್‌ಬೆಲ್‌ನು ಆ ಕೂಲಿಮಠಗಳ ದಿನಚರಿಯನ್ನು ಕಣ್ಣಿಗೆ ಕಟ್ಟುವಂತೆ ಬರೆದಿದ್ದಾನೆ. ಮುಂಜಾನೆ ಮೊದಲು ಬಂದ ಬಾಲಕನ ಅಂಗೈ ಮೇಲೆ ಗೌರವಸೂಚಕವಾಗಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು. ಎರಡನೆಯವನ ಅಂಗೈ ಮೇಲೆ ಒಂದು ಸೊನ್ನೆ: ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ ಎಂಬ ಅರ್ಥದಲ್ಲಿ. ಮೂರನೆಯವನಿಗೆ ಮೆಲ್ಲನೆಯ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ತಡವಾದಂತೆಲ್ಲ ಒಂದೊಂದು ಹೆಚ್ಚು. ಸೊನ್ನೆಯು ‘ಏನೂ ಇಲ್ಲ’ವಲ್ಲ, ಧನಕ್ಕೂ ಋಣಕ್ಕೂ ನಡುವಿನ ಸ್ಥಾನ ಎಂಬುದನ್ನು ಇದಕ್ಕಿಂತ ಸೊಗಸಾಗಿ ಬೋಧಿಸುವ ಉಪಾಧ್ಯಾಯರು ಈಗಲೂ ವಿರಳ! ಸಂಖ್ಯಾರೇಖೆಯ ಮಧ್ಯಬಿಂದುವನ್ನು ಬಳ್ಳಾರಿಯ ಹುಡುಗನು ತನ್ನ ಅಂಗೈಯಲ್ಲಿಯೇ ಹೊತ್ತು ಕುಳಿತಿರುತ್ತಿದ್ದನು.

ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದು, ಆಮೇಲೆ ಇದ್ದಲು ಬಳಿದ ಹಲಗೆ, ಬಟ್ಟೆಗೆ ಗಂಜಿ ಹಾಕಿ ಮಡಿಸಿ ಮಾಡಿದ ಕಡತ, ಬರೆಯಲು ಬಳಪ. ಲೆಕ್ಕದಲ್ಲಿ ಭಿನ್ನರಾಶಿಗಳಿಗೆ ವಿಶೇಷ ಶ್ರಮ ವಹಿಸುತ್ತಿದ್ದರೆಂದೂ, ಆ ಭಿನ್ನಗಳು ಯೂರೋಪಿನ ದಶಾಂಶದಂತೆ ಹತ್ತರಿಂದ ಇಳಿಯದೆ ನಾಲ್ಕರಿಂದ ಇಳಿಯುತ್ತಿದ್ದವೆಂದೂ ಆತನು ಗಮನಿಸಿದ್ದಾನೆ. ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದರ ನಾಲ್ಕನೆಯ ಪಾಲು ಕಾಲು, ಹದಿನಾರನೆಯ ಪಾಲು ವೀಸ, ಅರವತ್ತನಾಲ್ಕನೆಯ ಪಾಲು ಕಾಣಿ. ಮಕ್ಕಳು ದಿನಕ್ಕೆರಡು ಬಾರಿ ಸಾಲಾಗಿ ನಿಂತು ಈ ಮಗ್ಗಿಗಳನ್ನು ಒಕ್ಕೊರಲಿನಿಂದ ಹೇಳುತ್ತಿದ್ದರು. ಹಿರಿಯ ವಿದ್ಯಾರ್ಥಿಯು ಕಿರಿಯರಿಗೆ ಕಲಿಸುವ ಕ್ರಮವನ್ನು ಆ ಅಧಿಕಾರಿ ಮುಕ್ತಕಂಠದಿಂದ ಹೊಗಳಿದ್ದಾನೆ. ಇಂಗ್ಲೆಂಡಿನಲ್ಲಿ ಅದನ್ನು ಅನುಕರಿಸಿದ್ದು ಯೋಗ್ಯವೇ ಎಂದಿದ್ದಾನೆ. ಆದರೆ ಹುಡುಗರು ಅರ್ಥವರಿಯದೆ ಗಿಳಿಯಂತೆ ಒಪ್ಪಿಸುತ್ತಾರೆಂಬ ದೂರನ್ನೂ ಅದೇ ಪತ್ರದಲ್ಲಿ ದಾಖಲಿಸಿದ್ದಾನೆ. ಶಾಲೆಗಳು ಕ್ಷೀಣಿಸುತ್ತಿರುವುದಕ್ಕೆ ನಾಡಿನ ಬಡತನ ಕಾರಣವೆಂದೂ, ವಿಲಾಯತಿಯ ಬಟ್ಟೆ ಬಂದು ಇಲ್ಲಿಯ ನೇಕಾರರ ಸಂಪಾದನೆ ಕುಗ್ಗಿತೆಂದೂ ಒಪ್ಪಿಕೊಂಡ ಅಧಿಕಾರಿಯ ಮಾತನ್ನು ನಾವು ಪಕ್ಷಪಾತವೆಂದು ತಳ್ಳಿಹಾಕುವಂತಿಲ್ಲ.

1957ರ ಏಪ್ರಿಲ್ 1ರಂದು ದಶಮಾನ ನಾಣ್ಯಪದ್ಧತಿ ಜಾರಿಗೆ ಬಂದಿತು. ಹದಿನಾರಾಣೆಯ ರೂಪಾಯಿ ನೂರು ನಯಾಪೈಸೆಯಾಯಿತು. ಸೇರು, ಮಣಗಳ ಜಾಗಕ್ಕೆ ಕಿಲೋಗ್ರಾಮು ಬಂದಿತು. ವ್ಯಾಪಾರ ಸುಲಭವಾಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕಾಲು, ವೀಸ, ಕಾಣಿಗಳ ಮಗ್ಗಿ ಬಾಯಿಂದ ಹೋದೊಡನೆ ಭಿನ್ನರಾಶಿಯ ಸಲಿಗೆಯೂ ಹೋಯಿತು. ಇದರಲ್ಲಿ ಒಂದು ಸ್ವಾರಸ್ಯವಿದೆ. ಕಾಲು ಎಂದರೆ 0.25, ವೀಸ ಎಂದರೆ 0.0625, ಕಾಣಿ ಎಂದರೆ 0.015625: ನಾಲ್ಕರಿಂದ ಇಳಿದ ಭಿನ್ನಗಳೆಲ್ಲ ದಶಾಂಶದಲ್ಲಿಯೂ ಎಲ್ಲಿಯಾದರೊಂದು ಕಡೆ ಮುಗಿಯುತ್ತವೆ. ಆದರೆ ಮೂರನೆಯ ಒಂದು ಪಾಲು 0.333 ಎಂದು ಮುಗಿಯದೆ ಸಾಗುತ್ತದೆ. ಮೂವರು ಪಾಲುದಾರರು ಒಂದು ರೂಪಾಯಿಯನ್ನು ಹಂಚಿಕೊಂಡರೆ ಒಂದು ಪೈಸೆ ಯಾವಾಗಲೂ ಉಳಿಯುವುದನ್ನು ಅಂಗಡಿಯ ಮಕ್ಕಳೆಲ್ಲ ಬಲ್ಲರು. ಅಂತ್ಯಗೊಳ್ಳುವ ದಶಾಂಶ, ಆವರ್ತಗೊಳ್ಳುವ ದಶಾಂಶ ಎಂಬ ಭೇದವನ್ನು ಪ್ರೌಢಶಾಲೆಯಲ್ಲಿ ಇಲ್ಲಿಂದಲೇ ಆರಂಭಿಸಬಹುದು.

ಇನ್ನು ಮಹಾವೀರಾಚಾರ್ಯರ ವಿಚಾರ. ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಸುಮಾರು ಕ್ರಿ.ಶ. 850ರಲ್ಲಿ ಅವರು ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ರಚಿಸಿದರು. ಗ್ರಂಥದ ಆದಿಯಲ್ಲಿ ಆ ಚಕ್ರವರ್ತಿಯ ಪ್ರಶಂಸೆಯಿದೆ. ಒಂಬತ್ತು ಅಧಿಕಾರಗಳು, ಸಾವಿರದ ನೂರಕ್ಕೂ ಮಿಕ್ಕಿದ ಶ್ಲೋಕಗಳು. ಅಡಿಗೆಯಿಂದ ವಾಸ್ತುಶಿಲ್ಪದವರೆಗೆ ಗಣಿತ ಬೇಡದ ವಿದ್ಯೆಯೇ ಇಲ್ಲವೆಂಬುದು ಅವರ ಪೀಠಿಕೆಯ ಅಭಿಪ್ರಾಯ. ಜ್ಯೋತಿಷ್ಯದ ಅಂಗವಾಗಿದ್ದ ಗಣಿತವನ್ನು ಪ್ರತ್ಯೇಕಿಸಿ, ಅದಕ್ಕೇ ಮೀಸಲಾದ ಪಠ್ಯವನ್ನು ಕೊಟ್ಟುದು ಅವರ ಹಿರಿಮೆ. ಪೂರ್ಣಾಂಕಗಳನ್ನು ಕೂಡುವುದು ಕಳೆಯುವುದು ತೀರ ಸುಲಭವೆಂದೋ ಏನೋ, ಪರಿಕರ್ಮಗಳನ್ನು ಗುಣಾಕಾರದಿಂದಲೇ ಆರಂಭಿಸುತ್ತಾರೆ.

ಅವರು ಒಳ್ಳೆಯ ಅಧ್ಯಾಪಕರಾಗಿದ್ದಿರಬೇಕೆಂಬುದಕ್ಕೆ ಗ್ರಂಥದ ಲೆಕ್ಕಗಳೇ ಸಾಕ್ಷಿ. 142857143ನ್ನು 7ರಿಂದ ಗುಣಿಸಿರಿ ಎನ್ನುತ್ತಾರೆ, 1000000001 ಬರುತ್ತದೆ. ಎರಡು ತುದಿಗೆ ಒಂದೊಂದು ಮಣಿ, ನಡುವೆ ಸೊನ್ನೆಗಳ ಸಾಲು: ಅದನ್ನು ಕಂಠಾಭರಣವೆಂದು ಕರೆದಿದ್ದಾರೆ. ಪ್ರೌಢಶಾಲೆಯ ಮಗು ಒಂದನ್ನು ಏಳರಿಂದ ಭಾಗಿಸುವಾಗ 0.142857 142857 ಎಂದು ಅದೇ ಅಂಕಿಗಳ ಸರಣಿ ಮರಳಿ ಮರಳಿ ಬರುವುದನ್ನು ಕಾಣುತ್ತದೆ. ಹಾರದ ಲೆಕ್ಕವನ್ನು ಅದರ ಪಕ್ಕದಲ್ಲಿ ಬರೆದು ತೋರಿಸಿದರೆ ಆವರ್ತ ದಶಾಂಶದ ಪಾಠವು ಮಗುವಿಗೆ ಆಟವಾಗುತ್ತದೆ. ಒಂದನ್ನು ಏಕಾಂಶದ ಭಿನ್ನಗಳಾಗಿ ಒಡೆಯುವ ಸೂತ್ರವನ್ನೂ ಅವರು ಕೊಟ್ಟಿದ್ದಾರೆ. ಒಂದರಿಂದ ಹಿಡಿದು ಮೂರು ಮೂರರಿಂದ ಗುಣಿಸುತ್ತ ಛೇದಗಳನ್ನು ಬರೆಯಬೇಕು: 1, 3, 9, 27. ಮೊದಲನೆಯದನ್ನು ಎರಡರಿಂದಲೂ ಕೊನೆಯದನ್ನು ಮೂರನೆಯ ಎರಡರಿಂದಲೂ ಗುಣಿಸಬೇಕು. 2, 3, 9, 18 ಆಗುತ್ತದೆ. ಅರ್ಧ, ಮೂರನೆಯ ಒಂದು, ಒಂಬತ್ತನೆಯ ಒಂದು, ಹದಿನೆಂಟನೆಯ ಒಂದು: ಕೂಡಿಸಿದರೆ ಸರಿಯಾಗಿ ಒಂದು. ಬೇಕಾದವರು ಪರೀಕ್ಷಿಸಿಕೊಳ್ಳಬಹುದು. ಛೇದಗಳನ್ನು ಸಮಮಾಡಲು ಲಘುತಮ ಅಪವರ್ತ್ಯವನ್ನು ‘ನಿರುದ್ಧ’ವೆಂಬ ಹೆಸರಿನಿಂದ ಬಳಸಿದವರೂ ಇವರೇ.

ಋಣ ಸಂಖ್ಯೆಯ ವಿಷಯದಲ್ಲಿ ಆಚಾರ್ಯರ ಮಾತು ಬಹು ಗಂಭೀರವಾದುದು. ಧನವನ್ನು ವರ್ಗಮಾಡಿದರೂ ಧನ, ಋಣವನ್ನು ವರ್ಗಮಾಡಿದರೂ ಧನ. ಆದ್ದರಿಂದ ಋಣ ಸಂಖ್ಯೆಯು ತನ್ನ ಸ್ವಭಾವದಿಂದಲೇ ಯಾವುದರ ವರ್ಗವೂ ಆಗಲಾರದು, ಅದಕ್ಕೆ ವರ್ಗಮೂಲವಿಲ್ಲ ಎಂದು ಅವರು ತೀರ್ಮಾನಿಸಿದರು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಇದು ವಾಸ್ತವ ಸಂಖ್ಯೆಗಳ ಗಡಿಕಲ್ಲು. ಗಡಿಯ ಆಚೆ ಇನ್ನೊಂದು ಜಾತಿಯ ಸಂಖ್ಯೆಗಳಿವೆಯೆಂಬುದು ಯೂರೋಪಿನಲ್ಲಿ ಹದಿನಾರನೆಯ ಶತಮಾನದ ನಂತರ ತಿಳಿಯಿತು. ಗಡಿಯನ್ನು ಅದಕ್ಕೂ ಏಳುನೂರು ವರ್ಷ ಮೊದಲೇ ನಮ್ಮ ನಾಡಿನ ಒಬ್ಬರು ಆಚಾರ್ಯರು ಕಂಡಿದ್ದರು.

ಆದರೆ ಅಭಿಮಾನವು ಕಣ್ಣನ್ನು ಮುಚ್ಚಬಾರದು. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಆ ಸಂಖ್ಯೆಯು ಬದಲಾಗದೆ ಉಳಿಯುತ್ತದೆಂದು ಮಹಾವೀರಾಚಾರ್ಯರು ಬರೆದಿದ್ದಾರೆ. ಅದು ಸರಿಯಲ್ಲ. ಯಾರಿಗೂ ಹಂಚದಿದ್ದರೆ ವಸ್ತು ಹಾಗೆಯೇ ಉಳಿಯುತ್ತದೆಂಬ ವ್ಯವಹಾರದ ತರ್ಕ ಅಲ್ಲಿ ಕೆಲಸಮಾಡಿರಬಹುದು. ಆದರೆ ಭಾಗಲಬ್ಧವನ್ನು ಭಾಜಕದಿಂದ ಗುಣಿಸಿದರೆ ಭಾಜ್ಯವು ಮರಳಿ ಬರಬೇಕಷ್ಟೆ? ಐದನ್ನು ಸೊನ್ನೆಯಿಂದ ಭಾಗಿಸಿ ಐದು ಬಂದಿತೆಂದರೆ, ಐದನ್ನು ಸೊನ್ನೆಯಿಂದ ಗುಣಿಸಿದಾಗ ಐದು ಬರಬೇಕು, ಬರುವುದು ಸೊನ್ನೆ. ತಾಳೆ ಬೀಳದ ಲೆಕ್ಕವನ್ನು ಯಾವ ದೊಡ್ಡವರು ಬರೆದಿದ್ದರೂ ಖಾತೆಯಲ್ಲಿ ಸೇರಿಸಿಕೊಳ್ಳುವಂತಿಲ್ಲ. ಸಭೆಗಳಲ್ಲಿ ಈ ಭಾಗವನ್ನು ಮುಚ್ಚಿಟ್ಟು ಉಳಿದುದನ್ನು ಮಾತ್ರ ಘೋಷಿಸುವ ಭಾಷಣಕಾರರು ಆಚಾರ್ಯರಿಗೆ ಉಪಕಾರ ಮಾಡುತ್ತಿಲ್ಲ.

ಈಗ ಪಾಠದ ತಿರುಳಿಗೆ ಬರೋಣ. ಪ್ರೌಢಶಾಲೆಯ ಮಕ್ಕಳು ಸ್ವಾಭಾವಿಕ ಸಂಖ್ಯೆ, ಪೂರ್ಣಾಂಕ, ಭಾಗಲಬ್ಧ ಸಂಖ್ಯೆಗಳವರೆಗೆ ಹೇಗೋ ನಡೆದು ಬರುತ್ತಾರೆ. ಎಡವುವುದು ಅಭಾಗಲಬ್ಧ ಸಂಖ್ಯೆಯ ಹೊಸ್ತಿಲಿನಲ್ಲಿ. ಕೆಳಗಿನ ತರಗತಿಗಳಲ್ಲಿ ವೃತ್ತದ ಪರಿಧಿಗೆ π ಎಂದರೆ 22/7 ಎಂದು ಬಾಯಿಪಾಠ ಮಾಡಿಸಿರುತ್ತಾರೆ. ಪ್ರೌಢಶಾಲೆಗೆ ಬಂದೊಡನೆ π ಅಭಾಗಲಬ್ಧ, ಅದನ್ನು ಯಾವ ಭಿನ್ನರಾಶಿಯಾಗಿಯೂ ಬರೆಯಲಾಗದು ಎನ್ನುತ್ತಾರೆ. 22/7 ಭಿನ್ನರಾಶಿಯಲ್ಲವೆ? ಬುದ್ಧಿವಂತ ಮಗು ಇಲ್ಲಿ ಗೊಂದಲಕ್ಕೆ ಬೀಳುತ್ತದೆ. ಉಳಿದವು ಎರಡನ್ನೂ ಬರೆದು ಅಂಕ ಪಡೆಯುತ್ತವೆ. ಕ್ಯಾಂಪ್‌ಬೆಲ್ ಹೇಳಿದ ಗಿಳಿ ಇನ್ನೂ ಪಂಜರದಲ್ಲಿದೆ!

ಈ ಗಂಟನ್ನು ಬಿಡಿಸುವ ಕೀಲಿ ಗಣಿತಸಾರಸಂಗ್ರಹದಲ್ಲಿದೆ. ಕ್ಷೇತ್ರಗಣಿತದಲ್ಲಿ ಆಚಾರ್ಯರು ಪ್ರತಿಯೊಂದು ಅಳತೆಗೂ ಎರಡು ವಿಧಗಳನ್ನು ಹೇಳುತ್ತಾರೆ: ಒಂದು ವ್ಯಾವಹಾರಿಕ, ಇನ್ನೊಂದು ಸೂಕ್ಷ್ಮ. ವೃತ್ತದ ಪರಿಧಿಯು ವ್ಯವಹಾರಕ್ಕೆ ವ್ಯಾಸದ ಮೂರರಷ್ಟು. ಸೂಕ್ಷ್ಮವಾಗಿ ಹತ್ತರ ವರ್ಗಮೂಲದಷ್ಟು. ಬಂಡಿಯ ಗಾಲಿಗೆ ಪಟ್ಟಿ ಕಟ್ಟುವವನಿಗೆ ಒಂದು ಲೆಕ್ಕ ಸಾಕು, ಶಾಸ್ತ್ರಕ್ಕೆ ಇನ್ನೊಂದು ಬೇಕು. ಎರಡನ್ನೂ ಒಂದೇ ಎಂದು ಹೇಳಬಾರದು. 22/7 ಎಂಬುದು ಇಂದಿನ ವ್ಯಾವಹಾರಿಕ ಬೆಲೆ. ಅಧ್ಯಾಪಕರು ಈ ಒಂದು ಮಾತನ್ನು ಮೊದಲೇ ಹೇಳಿದ್ದರೆ ಮಗುವಿಗೆ ಗೊಂದಲವೇ ಇರುತ್ತಿರಲಿಲ್ಲ. ತೂಕ ಅಳತೆಗಳಲ್ಲಿ ಹೆಚ್ಚು ಕಡಿಮೆ ಮಾಡುವುದನ್ನು ತತ್ತ್ವಾರ್ಥಸೂತ್ರವು ಅಚೌರ್ಯವ್ರತದ ಅತಿಚಾರಗಳಲ್ಲಿ ಎಣಿಸಿದೆ. ‘ಸುಮಾರು’ ಎಂದು ಹೇಳಿ ಸುಮಾರು ಕೊಡುವುದು ವ್ಯವಹಾರ. ‘ಸರಿಯಾಗಿ’ ಎಂದು ಹೇಳಿ ಸುಮಾರು ಕೊಡುವುದು ಅತಿಚಾರ. ಪಾಠಶಾಲೆಗೂ ಈ ನಿಯಮ ಅನ್ವಯಿಸಬೇಡವೆ?

ಜೈನ ಗೃಹಸ್ಥರಿಗೆ ಇದಕ್ಕಿಂತ ಪರಿಚಿತವಾದ ಉದಾಹರಣೆಯೂ ಇದೆ. ಕರಣಾನುಯೋಗದ ಗ್ರಂಥಗಳಲ್ಲಿ ಜಂಬೂದ್ವೀಪದ ವ್ಯಾಸ ಒಂದು ಲಕ್ಷ ಯೋಜನ; ಪರಿಧಿ 3,16,227 ಯೋಜನ, 3 ಕ್ರೋಶ, 128 ಧನುಷ, ಹದಿಮೂರೂವರೆ ಅಂಗುಲ, ಮತ್ತೂ ಕಿಂಚಿತ್ ಅಧಿಕ. ಸ್ವಾಧ್ಯಾಯದಲ್ಲಿ ಇದನ್ನು ಕೇಳಿದವರು ಬಹಳ ಮಂದಿ. ಈ ಅಂಕಿಗಳು ಎಲ್ಲಿಂದ ಬಂದವೆಂದು ವಿಚಾರಿಸಿದವರು ಕೆಲವರೇ. ಒಂದು ಲಕ್ಷವನ್ನು ಹತ್ತರ ವರ್ಗಮೂಲದಿಂದ ಗುಣಿಸಿದರೆ ಬಹುಮಟ್ಟಿಗೆ ಇದೇ ಉತ್ತರ. ಯೋಜನ ಮುಗಿದ ಮೇಲೆ ಕ್ರೋಶ, ಕ್ರೋಶ ಮುಗಿದ ಮೇಲೆ ಧನುಷ, ಆಮೇಲೆ ಅಂಗುಲ. ಅಷ್ಟಾದರೂ ಶೇಷ ತೀರಲಿಲ್ಲ. ‘ಕಿಂಚಿತ್ ಅಧಿಕ’ ಎಂಬ ಆ ಚಿಕ್ಕ ಮಾತಿನಲ್ಲಿ ಎಷ್ಟು ಪ್ರಾಮಾಣಿಕತೆಯಿದೆ ನೋಡಿರಿ! ಅಳತೆಗೋಲನ್ನು ಎಷ್ಟು ಸಣ್ಣದು ಮಾಡಿದರೂ ಶೇಷ ಉಳಿಯುವ, ಅಂಕಿಗಳು ಆವರ್ತವೂ ಆಗದ ಸಂಖ್ಯೆಯನ್ನೇ ಇಂದಿನ ಪುಸ್ತಕವು ಅಭಾಗಲಬ್ಧವೆನ್ನುತ್ತದೆ. ಹತ್ತರ ವರ್ಗಮೂಲ 3.16227766 ಎಂದು ಮುಂದುವರಿಯುತ್ತದೆ. ಜಂಬೂದ್ವೀಪದ ಯೋಜನಗಳ ಅಂಕಿಗಳು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತವೆ.

ಆದರೆ ಆಚಾರ್ಯರ ಸೂಕ್ಷ್ಮವೂ π ಅಲ್ಲ. π ಎಂದರೆ 3.14159 ಎಂದು ಆರಂಭವಾಗುವ ಬೇರೊಂದು ಸಂಖ್ಯೆ. ಈ ವಿಷಯದಲ್ಲಿ ಮಹಾವೀರಾಚಾರ್ಯರಿಗಿಂತ ಸ್ವಲ್ಪ ಹಿಂದೆ ಇದ್ದ ವೀರಸೇನಾಚಾರ್ಯರು ಮುಂದೆ ಹೋಗಿದ್ದರು. ಅವರ ಧವಲಾ ಟೀಕೆಯಲ್ಲಿ ಬರುವ ಪರಿಧಿಯ ನಿಯಮವು ದೊಡ್ಡ ವ್ಯಾಸಗಳಿಗೆ 355/113 ಎಂಬ ಬೆಲೆಗೆ ತೀರ ಸಮೀಪವಾಗುತ್ತದೆ. ಅದು ಆರು ದಶಾಂಶ ಸ್ಥಾನಗಳವರೆಗೆ ಸರಿ. ಧವಲಾದ ತಾಳೆಯೋಲೆಗಳು ಶತಮಾನಗಳ ಕಾಲ ಮೂಡಬಿದಿರೆಯಲ್ಲಿ ರಕ್ಷಿತವಾಗಿದ್ದು, 1939ರಿಂದ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಅಮರಾವತಿಯಿಂದ ಮುದ್ರಣಗೊಂಡವು. ದರ್ಶನ ಮಾಡಿ ಕೈಮುಗಿದ ಓಲೆಗಳಲ್ಲಿ ಇಂತಹ ಲೆಕ್ಕವಿದೆಯೆಂದು ಮುದ್ರಣವಾಗುವವರೆಗೆ ಹೊರಗಿನವರಿಗೆ ತಿಳಿದಿರಲಿಲ್ಲ. π ಭಿನ್ನರಾಶಿಯಲ್ಲವೆಂಬ ಸಾಧನೆಯನ್ನು 1761ರಲ್ಲಿ ಲ್ಯಾಂಬರ್ಟ್ ಎಂಬ ಯೂರೋಪಿನ ವಿದ್ವಾಂಸನು ಮಾಡಿದನು. ಎರಡರ ವರ್ಗಮೂಲ ಭಿನ್ನರಾಶಿಯಲ್ಲವೆಂಬ ಸಾಧನೆ ಗ್ರೀಕರದು. ಅದು ಭಿನ್ನರಾಶಿಯೆಂದು ಒಪ್ಪಿಕೊಂಡು, ಅಂಶಛೇದಗಳನ್ನು ಕನಿಷ್ಠ ರೂಪಕ್ಕೆ ತಂದು ನೋಡಿದರೆ, ಎರಡೂ ಸಮಸಂಖ್ಯೆಗಳಾಗಿ ಕನಿಷ್ಠ ರೂಪವೇ ಸುಳ್ಳಾಗುತ್ತದೆ. ಎದುರಾಳಿಯ ಲೆಕ್ಕವನ್ನು ಒಪ್ಪಿದಂತೆ ಮಾಡಿ ಕೊನೆಯ ಪುಟದಲ್ಲಿ ತಾಳೆ ತಪ್ಪಿಸಿ ತೋರಿಸುವ ಜಾಣ ಗುಮಾಸ್ತೆಯ ಉಪಾಯವಿದು. ಇಂತಹ ಸಾಧನೆ ಗಣಿತಸಾರಸಂಗ್ರಹದಲ್ಲಿಲ್ಲ. ಇದೆಯೆಂದು ಹೇಳುವುದು ಬೇಡ. ಸಂಖ್ಯಾತ, ಅಸಂಖ್ಯಾತ, ಅನಂತಗಳೆಂದು ಆಗಮಗಳು ಮಾಡಿದ ವಿಭಾಗವನ್ನು 1874ರ ನಂತರದ ಕ್ಯಾಂಟರ್‌ನ ಅನಂತಗಣಿತದೊಡನೆ ಒಂದೇ ಎಂದು ಸಾರುವವರಿಗೂ ಇದೇ ಮಾತು ಸಲ್ಲುತ್ತದೆ. ಅನಂತದಲ್ಲಿಯೂ ಭೇದಗಳಿವೆಯೆಂಬ ಕಲ್ಪನೆಯೇ ಸಾಕಷ್ಟು ದೊಡ್ಡದು.

ವಾಸ್ತವ ಸಂಖ್ಯೆ ಎಂದರೇನೆಂಬ ಖಚಿತವಾದ ಉತ್ತರ ವಿದ್ವಾಂಸರಿಗೇ ಬಹುಕಾಲ ದೊರೆತಿರಲಿಲ್ಲ. 1858ರಲ್ಲಿ ಜೂರಿಕ್ ನಗರದ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳಲು ನಿಂತ ಡೆಡೆಕಿಂಡ್ ಎಂಬ ತರುಣ ಪ್ರಾಧ್ಯಾಪಕನಿಗೆ ತನ್ನ ವಿದ್ಯಾರ್ಥಿಗಳ ಮುಂದೆ ಸಂಖ್ಯೆಗೆ ಸರಿಯಾದ ತಳಹದಿಯನ್ನು ತೋರಿಸಲಾಗಲಿಲ್ಲ. ಆ ಸಂಕೋಚದಿಂದ ಹುಟ್ಟಿದ ವಿಚಾರವನ್ನು ಆತನು 1872ರಲ್ಲಿ ಪ್ರಕಟಿಸಿದನು. ಇಂದಿನ ವಾಸ್ತವ ಸಂಖ್ಯೆಗಳ ಶಾಸ್ತ್ರಕ್ಕೆ ಅದು ಒಂದು ಆಧಾರಸ್ತಂಭ. ಪ್ರಾಧ್ಯಾಪಕನು ಹದಿನಾಲ್ಕು ವರ್ಷ ತನ್ನಲ್ಲೇ ಇಟ್ಟುಕೊಂಡ ವಿಷಯದಲ್ಲಿ ಹದಿನಾಲ್ಕು ವರ್ಷದ ಮಗು ತಡವರಿಸಿದರೆ ದಡ್ಡನೆನ್ನುವುದು ನ್ಯಾಯವಲ್ಲ.

ಗಣಿತಸಾರಸಂಗ್ರಹವು ನಮ್ಮ ಕೈಗೆ ಮರಳಿ ಬಂದ ಕಥೆಯೂ ಶಾಲೆಗೆ ಸಂಬಂಧಿಸಿದ್ದೇ. ಬಳ್ಳಾರಿಯೂ ಮೂಡಬಿದಿರೆಯೂ ಮದರಾಸು ಪ್ರಾಂತದಲ್ಲಿದ್ದ ಕಾಲವದು. ಪ್ರಾಂತದ ವಿದ್ಯಾಶಾಖೆಯ ನಿರ್ದೇಶಕ ಜಿ. ಎಚ್. ಸ್ಟುವರ್ಟ್, ಪ್ರಾಚ್ಯ ಹಸ್ತಪ್ರತಿ ಭಂಡಾರದ ಮುಖ್ಯಸ್ಥರಾಗಿದ್ದ ಪ್ರೊ. ಎಂ. ರಂಗಾಚಾರ್ಯರನ್ನು ಕುರಿತು, ಭಾರತೀಯ ಗಣಿತದ ಇತಿಹಾಸಕ್ಕೆ ಬೆಳಕು ಬೀರುವ ಗ್ರಂಥವೇನಾದರೂ ಅಲ್ಲಿದೆಯೇ ಎಂದು ವಿಚಾರಿಸಿದನು. ಹುಡುಕಿದಾಗ ಈ ಗ್ರಂಥ ಸಿಕ್ಕಿತು. ಮೈಸೂರಿನಿಂದಲೂ ಮೂಡಬಿದಿರೆಯ ಜೈನ ಮಠದ ಕನ್ನಡ ಲಿಪಿಯ ಓಲೆಯಿಂದಲೂ ಪ್ರತಿಗಳನ್ನು ತರಿಸಿ, ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸು ಸರ್ಕಾರದಿಂದ ಅಚ್ಚುಹಾಕಿಸಿದರು. ಆ ಮೇಲೆ ಜಗತ್ತಿನ ವಿದ್ವಾಂಸರಿಗೆ ಮಹಾವೀರಾಚಾರ್ಯರ ಹೆಸರು ತಿಳಿಯಿತು. ಬಳ್ಳಾರಿಯ ಶಾಲೆಗಳಿಗೆ ಮಾತ್ರ ಏನೂ ತಲಪಲಿಲ್ಲ. 1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯವನ್ನು ಸೇರಿತು.

ಹಿಂದಿನವರು ಇಷ್ಟು ನಿಧಾನಿಗಳಾಗಿರಲಿಲ್ಲ. ಹನ್ನೊಂದನೆಯ ಶತಮಾನದಲ್ಲಿಯೇ ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು. ಹನ್ನೆರಡನೆಯ ಶತಮಾನದ ಜೈನ ಕವಿ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದನು, ಬಡ್ಡಿ, ಪಾಲು, ತೂಕ, ಅಳತೆಗಳ ಲೆಕ್ಕವನ್ನು ಸಾಮಾನ್ಯರ ನುಡಿಯಲ್ಲಿ ಬೋಧಿಸಿದ ಈತನ ಗ್ರಂಥ 1955ರಲ್ಲಿ ಮರಿಯಪ್ಪ ಭಟ್ಟರ ಸಂಪಾದಕತ್ವದಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ಗಣಿತಸಾರಸಂಗ್ರಹದ ಮೂಲವನ್ನು ಕನ್ನಡ ಅನುವಾದ, ಟಿಪ್ಪಣಿಗಳೊಡನೆ ಮೈಸೂರಿನ ಪ್ರೊ. ಪದ್ಮಾವತಮ್ಮನವರು ಸಿದ್ಧಪಡಿಸಿ, ಅದು 2000ದಲ್ಲಿ ಹೊಂಬುಜದಿಂದ ಪ್ರಕಟವಾಯಿತು. ರಚನೆಯಾದುದು ಕನ್ನಡನಾಡಿನ ಅರಸನ ಕಾಲದಲ್ಲಿ. ಕನ್ನಡದಲ್ಲಿ ಹೀಗೆ ಮುದ್ರಣವಾಗಲು ಸುಮಾರು ಸಾವಿರದ ನೂರೈವತ್ತು ವರ್ಷ! ಈಗ ಅಡ್ಡಿಯೇನೂ ಇಲ್ಲ. ಪ್ರತಿಷ್ಠಾ ಮಹೋತ್ಸವಗಳಲ್ಲಿ ಶಾಲು, ಹಾರ, ಫಲತಾಂಬೂಲಗಳಿಗೆ ವಿನಿಯೋಗವಾಗುವ ಹಣದಲ್ಲಿ ಒಂದು ಅಲ್ಪಾಂಶ ಸಾಕು. ಬಸದಿಯ ಸುತ್ತಲಿನ ಪ್ರೌಢಶಾಲೆಗಳಿಗೆ ಒಂದೊಂದು ಪ್ರತಿಯನ್ನು ಶಾಸ್ತ್ರದಾನವಾಗಿ ಕೊಡಬಹುದು.

ಪುಸ್ತಕ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ರೂಪನಗುಡಿಯಲ್ಲಾಗಲಿ ಕುರುಗೋಡಿನಲ್ಲಾಗಲಿ ಶಾಲೆಯ ಬಯಲಿದ್ದರೆ, ಒಂದು ಹಗ್ಗ, ನಾಲ್ಕು ಗೂಟ, ಒಂದು ಮೀಟರ್ ಕೋಲು ಇಷ್ಟೇ ಸಾಕು. ನೆಲದ ಮೇಲೆ ಗೆರೆ ಎಳೆದು ಸೊನ್ನೆಯಲ್ಲಿ ಒಂದು ಗೂಟ ನೆಡಬೇಕು. ಮೂರು ಮೀಟರಿಗೆ ಇನ್ನೊಂದು ಗೂಟ. ಅದು ವ್ಯವಹಾರದ ಮೂರು. ಅಲ್ಲಿಂದ ಗೆರೆಗೆ ಲಂಬವಾಗಿ ಒಂದು ಮೀಟರ್ ಅಳೆದು, ಆ ತುದಿಗೆ ಸೊನ್ನೆಯಿಂದ ಹಗ್ಗವನ್ನು ಬಿಗಿದು ಹಿಡಿದರೆ ಹಗ್ಗದ ಉದ್ದ ಹತ್ತರ ವರ್ಗಮೂಲ. ಹಗ್ಗವನ್ನು ಹಾಗೆಯೇ ಗೆರೆಯ ಮೇಲೆ ತಿರುಗಿಸಿ ಮೂರನೆಯ ಗೂಟವನ್ನು ನೆಟ್ಟರೆ, ಜಂಬೂದ್ವೀಪದ ಪರಿಧಿಯನ್ನು ಅಳೆದ ಸಂಖ್ಯೆ ಮಕ್ಕಳ ಕಣ್ಣೆದುರಿಗೆ ನಿಲ್ಲುತ್ತದೆ: ಮೂರು ಮೀಟರು, ಹದಿನಾರು ಸೆಂಟಿಮೀಟರು, ಎರಡು ಮಿಲಿಮೀಟರು, ಮತ್ತೂ ಕಿಂಚಿತ್ ಅಧಿಕ. ನಾಲ್ಕನೆಯ ಗೂಟ 22/7ಕ್ಕೆ. ಅದು ಎರಡು ಸೆಂಟಿಮೀಟರಿನಷ್ಟು ಹಿಂದೆ ಬರುತ್ತದೆ. π ಎಲ್ಲಿ ಎಂದು ಯಾವುದಾದರೊಂದು ಮಗು ಕೇಳಿಯೇ ಕೇಳುತ್ತದೆ. ಅದರ ನಿಜವಾದ ಸ್ಥಾನ 22/7ರ ಗುರುತಿಗಿಂತ ಒಂದೂಕಾಲು ಮಿಲಿಮೀಟರಿನಷ್ಟು ಈಚೆಗಿದೆ. ನೆಟ್ಟ ಗೂಟದ ದಪ್ಪವೇ ಅದಕ್ಕಿಂತ ಹೆಚ್ಚು.